ರಾಣೀಬಾಗಿನಲ್ಲಿ ನೋಡಲು ಏನಿದೆ?

ಊರಿನಿಂದ ಹೊಸಬರು ಯಾರಾದರೂ ಮುಂಬಯಿಗೆ ಬಂದರೆ ಅವರನ್ನು ಎಲ್ಲೆಲ್ಲಿಗೆ ಕರೆದೊಯ್ಯಬೇಕೆಂಬುದು ನಮ್ಮವರಲ್ಲಿ ಬಹುಕಾಲದಿಂದ ಗೊತ್ತುಪಡಿಸಿದ ಸಂಗತಿ. ಮಹಾಲಕ್ಷ್ಮಿಯ ದೇವಸ್ಥಾನ, ಚೌಪಾಟಿ, ಗೇಟ್‌ವೇ, ಮಲಬಾರ್ ಗುಡ್ಡದ ತೂಗುತೋಟ. ಜೊತೆಯಲ್ಲಿ ಮಕ್ಕಳಿದ್ದರೆ ರಾಣೀಬಾಗು. ರಾಣೀಬಾಗಿಗೆ ಹೋದವರು ಹುಲಿ ಎಲ್ಲಿ, ಆನೆ ಎಲ್ಲಿ ಎಂದು ಕೇಳುತ್ತ ಒಂದು ಸುತ್ತು ಹಾಕಿ, ಇತ್ತೀಚಿನ ವರ್ಷಗಳಲ್ಲಾದರೆ ಗಾಜಿನ ಹಿಂದಿರುವ ಪೆಂಗ್ವಿನ್ ಹಕ್ಕಿಗಳನ್ನು ನೋಡಿ, ಬಾಗಿಲ ಹೊರಗೆ ಮಕ್ಕಳಿಗೆ ಏನಾದರೂ ಕೊಡಿಸಿ ಮರಳುತ್ತಾರೆ. "ಅಲ್ಲಿ ನೋಡಲಿಕ್ಕೆ ಏನುಂಟು ಮಾರಾಯ್ರೆ, ನಾಲ್ಕು ಪ್ರಾಣಿ ಅಷ್ಟೆ" ಎಂಬ ಮಾತನ್ನು ಈ ವಾಚನಾಲಯದ ಪತ್ರಿಕೆಗಳ ಮೇಜಿನ ಬಳಿಯಲ್ಲೇ ನಾನು ಎರಡು ಮೂರು ಸಲ ಕೇಳಿದ್ದೇನೆ. ಆ ಮಾತಿಗೆ ಉತ್ತರವಾಗಿ ಈ ಬರಹ. ರಾಣೀಬಾಗು ಮೂಲತಃ ಮರಗಿಡಗಳ ತೋಟ. ಪ್ರಾಣಿಗಳು ಅಲ್ಲಿಗೆ ಬಂದದ್ದು ತೋಟ ತೆರೆದು 28 ವರ್ಷಗಳಾದ ಮೇಲೆ.

ಮೊದಲು ಹೆಸರಿನ ವಿಚಾರ. ಇಂದು ಅದರ ಅಧಿಕೃತ ಹೆಸರು ವೀರಮಾತಾ ಜಿಜಾಬಾಯಿ ಭೋಸಲೆ ಉದ್ಯಾನ. ಶಿವಾಜಿ ಮಹಾರಾಜರ ತಾಯಿಯ ಹೆಸರನ್ನು ಅದಕ್ಕೆ ಇಟ್ಟದ್ದು 1969ರಲ್ಲಿ. ಅದಕ್ಕೆ ಮುಂಚೆ ನೂರು ವರ್ಷಕ್ಕೂ ಹೆಚ್ಚು ಕಾಲ ಕಾಗದಪತ್ರಗಳಲ್ಲಿ ಅದು ವಿಕ್ಟೋರಿಯಾ ಗಾರ್ಡನ್ಸ್ ಆಗಿತ್ತು. ಜನರು ಮಾತ್ರ ಯಾವ ಕಾಲದಲ್ಲೂ ಇಷ್ಟು ಉದ್ದದ ಹೆಸರಿನ ಗೊಡವೆಗೆ ಹೋದವರಲ್ಲ. ರಾಣಿಯ ತೋಟ, ರಾಣೀಚಾ ಬಾಗ್, ರಾಣೀಬಾಗ್ ಎಂದರು, ಇಂದಿಗೂ ಅನ್ನುತ್ತಾರೆ. ಬಸ್ಸಿನಲ್ಲಿ ಟಿಕೇಟು ಕೇಳುವವನಿಗೆ ಯಾವ ರಾಣಿಯೆಂಬ ಜಿಜ್ಞಾಸೆಯಿಲ್ಲ.

ಇಲ್ಲಿ ತೋಟ ಮಾಡಿದವರು ಪಶ್ಚಿಮ ಭಾರತದ ಕೃಷಿ ಮತ್ತು ತೋಟಗಾರಿಕೆಯ ಸಂಘದವರು. ಅವರಿಗೆ ಮೊದಲು ಶಿವಡಿಯಲ್ಲಿ ಒಂದು ಸಸ್ಯತೋಟವಿತ್ತು. ಆ ಜಾಗ ಮುಂದೆ ಕ್ರೈಸ್ತರ ಸ್ಮಶಾನಕ್ಕೆ ಹೋಯಿತು. ಬೈಕಲಾದಲ್ಲಿ ಸುಮಾರು 33 ಎಕರೆ ನೆಲದಲ್ಲಿ ಹೊಸ ತೋಟ ಎದ್ದಿತು. 1862ನೆಯ ಇಸವಿ ನವೆಂಬರ್ 19ರಂದು ಗವರ್ನರ್ ಸರ್ ಬಾರ್ಟಲ್ ಫ್ರೀಯರರ ಪತ್ನಿ ಅದನ್ನು ಸಾರ್ವಜನಿಕರಿಗೆ ತೆರೆದರು. ಇಸವಿಯನ್ನು ಸ್ವಲ್ಪ ಗಮನಿಸಬೇಕು. ಅಮೆರಿಕದಲ್ಲಿ ಅಂತರ್ಯುದ್ಧ ಹತ್ತಿಕೊಂಡು ಅಲ್ಲಿಯ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಬರುವುದು ನಿಂತಿತ್ತು. ಹತ್ತಿ ಬೇಕಾದವರೆಲ್ಲ ಮುಂಬಯಿಯ ಕಡೆಗೆ ನೋಡುತ್ತಿದ್ದರು. ನಮ್ಮ ಧಾರವಾಡ ಸೀಮೆಯ ಹತ್ತಿಗೂ ಆಗ ಬಂಗಾರದ ಕಾಲ. ಊರಿನಲ್ಲಿ ಹಣ ಹೊಳೆಯಾಗಿ ಹರಿಯುತ್ತಿತ್ತು. ಕೋಟೆಯ ಗೋಡೆ ಕೆಡವುವುದು, ದೊಡ್ಡ ಕಟ್ಟಡ ಎಬ್ಬಿಸುವುದು, ತೋಟ ಮಾಡುವುದು, ಎಲ್ಲವೂ ಆ ಉತ್ಸಾಹದ ಫಲ. 1865ರಲ್ಲಿ ಯುದ್ಧ ಮುಗಿಯಿತು, ಹತ್ತಿಯ ಬೆಲೆ ಕುಸಿಯಿತು, ಶೇರುಗಳನ್ನು ನೆಚ್ಚಿದವರು ಒಂದೇ ವರ್ಷದಲ್ಲಿ ದಿವಾಳಿಯೆದ್ದರು. ಸಂಘಕ್ಕೂ ತೋಟವನ್ನು ನಡೆಸುವ ಶಕ್ತಿ ಉಳಿಯಲಿಲ್ಲ. 1873ರಲ್ಲಿ ಅದು ಪೌರಸಭೆಯ ವಶಕ್ಕೆ ಬಂತು. ಅಂದಿನಿಂದ ಇಂದಿನವರೆಗೆ ಪೌರಸಭೆಯದೇ. 1890ರಲ್ಲಿ ಪಕ್ಕದ ನೆಲವನ್ನು ಸೇರಿಸಿಕೊಂಡು ಪ್ರಾಣಿಸಂಗ್ರಹಾಲಯವನ್ನು ಕೂಡಿಸಿದರು. ಈಗ ಒಟ್ಟು ಸುಮಾರು 50 ಎಕರೆ.

ತೋಟ ಆದಾಗ ಬೈಕಲಾ ಎಂದರೆ ಊರ ಹೊರಗಿನ ಬಂಗಲೆಗಳ ಸೀಮೆ. 1853ರಲ್ಲಿ ಬೋರಿಬಂದರಿನಿಂದ ಠಾಣೆಗೆ ಹೊರಟ ಮೊದಲ ರೈಲು ಅಲ್ಲಿಯ ಮೇಲೆಯೇ ಹಾದುಹೋಗಿತ್ತು. ರೈಲಿನ ಬೆನ್ನಹಿಂದೆ ಗಿರಣಿಗಳು ಬಂದವು, ಗಿರಣಿಗಳ ಬೆನ್ನಿಗೆ ಚಾಳುಗಳು ಬಂದವು. ಚಿಂಚ್‌ಪೋಕ್ಲಿ, ಲಾಲ್‌ಬಾಗ್, ಪರೇಲ್ ಎಲ್ಲೆಲ್ಲೂ ಹೊಗೆಕೊಳವೆಗಳು ಎದ್ದವು. (ಬೆಂಗಳೂರಿನ ಕಡೆಯವರು ಲಾಲ್‌ಬಾಗ್ ಎಂಬ ಹೆಸರನ್ನು ಕೇಳಿ ಹೈದರಾಲಿಯ ತೋಟವನ್ನು ನೆನೆದು ಇಲ್ಲಿಯ ಲಾಲ್‌ಬಾಗಿಗೆ ಬಂದರೆ ಅವರಿಗೆ ಸಿಗುವುದು ಗಿರಣಿಯ ಗೋಡೆ.) ಹೀಗೆ ಬಿಳಿಯ ಸಾಹೇಬರೂ ಶೆಟ್ಟರೂ ತಮ್ಮ ಸಂಜೆಯ ವಿಹಾರಕ್ಕೆಂದು ಮಾಡಿಕೊಂಡ ತೋಟದ ಸುತ್ತಲೂ ಐವತ್ತು ವರ್ಷದೊಳಗೆ ಮುಂಬಯಿಯ ಕೂಲಿಕಾರರು ಬಂದು ತುಂಬಿದರು. ಯಾರೂ ಯೋಚಿಸಿ ಮಾಡದೆ ಆದ ಒಳ್ಳೆಯ ಕೆಲಸಗಳಲ್ಲಿ ಇದೂ ಒಂದು.

ಲಾಲ್‌ಬಾಗಿನ ಅಂಥ ಒಂದು ಚಾಳಿನಲ್ಲಿ, ಎರಡನೆಯ ಮಾಳಿಗೆಯ ಖೋಲಿಯಲ್ಲಿ, ನಾನು ಬೆಳೆದೆ. ತಂದೆ ಗೋದಿಯ ಕಡೆ ಒಂದು ಕಚೇರಿಯಲ್ಲಿ ಗುಮಾಸ್ತರು. ಮನೆಯಲ್ಲಿ ನಾವು ಐದು ಜನ. ಅದಲ್ಲದೆ ಊರಿನಿಂದ ಕೆಲಸ ಹುಡುಕಿಕೊಂಡು ಬಂದವರು ಒಬ್ಬಿಬ್ಬರು ಸದಾ ಇರುತ್ತಿದ್ದರು; ಅವರ ಟ್ರಂಕು ಒಳಗೆ, ಹಾಸಿಗೆ ಹೊರಗಿನ ಗ್ಯಾಲರಿಯಲ್ಲಿ. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ತಾಯಿ ಒಗ್ಗರಣೆ ಅವಲಕ್ಕಿಯನ್ನು ಡಬ್ಬಿಯಲ್ಲಿ ತುಂಬುತ್ತಿದ್ದಳು, ನಾವು ರಾಣೀಬಾಗಿಗೆ ಹೊರಡುತ್ತಿದ್ದೆವು. ಹೋಗುವಾಗ ನಡೆದು, ಬರುವಾಗ ದಾದರಿನ ಕಡೆಗೆ ಹೋಗುವ ಟ್ರಾಮಿನಲ್ಲಿ. 1964ರ ಮಾರ್ಚ್ 31ರಂದು ಮುಂಬಯಿಯ ಟ್ರಾಮು ನಿಂತ ಮೇಲೆ ಬರುವಾಗಲೂ ನಡಿಗೆಯೇ ಆಯಿತು. ಮಕ್ಕಳಿಗೆ ಅಂಬಾರಿಯಿಲ್ಲದ ಆನೆಯ ಸವಾರಿ ದೊಡ್ಡ ಆಕರ್ಷಣೆ. ಕಬ್ಬಿಣದ ಸಣ್ಣ ಪಂಜರಗಳಲ್ಲಿ ಅತ್ತಿಂದಿತ್ತ ತಿರುಗುವ ಪ್ರಾಣಿಗಳನ್ನು ನೋಡಿ ನನ್ನ ತಂಗಿ ಒಮ್ಮೆ, "ಇವಕ್ಕೂ ಖೋಲಿ ಸಣ್ಣದು" ಎಂದಿದ್ದಳು. ದೊಡ್ಡವರೆಲ್ಲ ನಕ್ಕರು.

ಆದರೆ ದೊಡ್ಡವರಿಗೆ ಆ ತೋಟ ಪ್ರಾಣಿಗಳಿಗಾಗಿ ಬೇಕಾಗಿರಲಿಲ್ಲ. ಒಂದು ದೊಡ್ಡ ಮಳೆಮರದ ಅಡಿ ನಮ್ಮ ಊರಿನವರ ಬೈಠಕ್ಕಿನ ಜಾಗ. ಹೊಟೇಲಿನ ಮಾಣಿಗಳು, ಗಿರಣಿಯವರು, ಗೋದಿಯವರು, ರಜೆ ಸಿಕ್ಕಿದವರು ಬಂದು ಕೂಡುತ್ತಿದ್ದರು. ತಂದೆ ಓದು ಬಾರದವರ ಕಾಗದ ಓದಿ ಹೇಳುವುದು, ಉತ್ತರ ಬರೆಯುವುದು, ಮನಿಯಾರ್ಡರಿನ ಫಾರಮು ತುಂಬುವುದು. ಗಂಡುಹೆಣ್ಣಿನ ಮಾತುಕತೆಯೂ ಅಲ್ಲೇ. ಒಂದು ದಿನದ ಸಂಗತಿ ಚೆನ್ನಾಗಿ ನೆನಪಿದೆ. ಹದಿನಾರು ಹದಿನೇಳು ವರ್ಷದ ಒಬ್ಬ ಹುಡುಗ, ಹಗಲು ಹೊಟೇಲಿನಲ್ಲಿ ದುಡಿದು ಸಂಜೆ ರಾತ್ರಿಶಾಲೆಗೆ ಹೋಗುವವನು, ಅವನ ತಾಯಿ ತೀರಿಕೊಂಡ ಕಾಗದ ನಮ್ಮ ವಿಳಾಸಕ್ಕೆ ಬಂದಿತ್ತು. ತಂದೆ ಆ ಕಾಗದವನ್ನು ಮೂರು ದಿನ ಜೇಬಿನಲ್ಲಿಟ್ಟುಕೊಂಡು ತಿರುಗಿದರು. ಭಾನುವಾರ ಹುಡುಗನನ್ನು ತೋಟಕ್ಕೆ ಕರೆತಂದು ಮರದ ಕೆಳಗೆ ಕೂರಿಸಿ, "ತಮ್ಮಾ, ಊರಿನಿಂದ ಕಾಗದ ಬಂದಿದೆ" ಎಂದರು. ಮೂರು ದಿನ ಯಾಕೆ ತಡೆದಿರಿ ಎಂದು ತಾಯಿ ಆಮೇಲೆ ಕೇಳಿದಾಗ ಅವರು ಹೇಳಿದ್ದು ಇಷ್ಟೇ: "ಅವನು ಮಲಗುವ ಜಾಗದಲ್ಲಿ ಹದಿನೆಂಟು ಜನ ಇದ್ದಾರೆ. ಅಲ್ಲಿ ಅವನು ಅಳುವುದು ಎಲ್ಲಿ?" ಸಾರ್ವಜನಿಕ ಉದ್ಯಾನವೆಂದರೆ ಊರಿನ ಶ್ವಾಸಕೋಶ ಎಂದು ಪಾಠದ ಪುಸ್ತಕಗಳು ಹೇಳುತ್ತವೆ. ಅದು ಸರಿಯೇ. ಆದರೆ ಗಾಳಿಯೊಂದೇ ಅಲ್ಲ ಅದರ ಉಪಯೋಗ.

ಇನ್ನು ಮರಗಳ ವಿಚಾರಕ್ಕೆ ಬರೋಣ. ಎಣಿಸಿದವರ ಲೆಕ್ಕದಂತೆ ಅಲ್ಲಿ 286 ಜಾತಿಯ 3,213 ಮರಗಳಿದ್ದವು. ಸುಮ್ಮನೆ ನೆರಳಿಗಾಗಿ ನೆಟ್ಟವಲ್ಲ. ಇಲ್ಲಿಯ ಮಣ್ಣಿನಲ್ಲಿ ಯಾವುದು ಬಾಳುತ್ತದೆಂದು ಪರೀಕ್ಷಿಸಲು ಲೋಕದ ನಾನಾ ಮೂಲೆಗಳಿಂದ ತರಿಸಿದವು ಇವುಗಳಲ್ಲಿ ಅನೇಕ. ಬುಡ ಊದಿಕೊಂಡು, ಕೊಂಬೆಗಳು ಬೇರಿನ ಹಾಗೆ ಮೇಲೆದ್ದು, ತಲೆಕೆಳಗಾಗಿ ನೆಟ್ಟಂತೆ ಕಾಣುವ ಮರ ಬಾವೊಬಾಬ್, ಮರಾಠಿಯಲ್ಲಿ ಗೋರಖಚಿಂಚ್. ಅದರ ತವರು ಆಫ್ರಿಕ. ಧಾರವಾಡ, ಹಾವೇರಿಯ ಕಡೆಯ ಓದುಗರಿಗೆ ಇದು ಹೊಸತಲ್ಲ. ಸವಣೂರಿನ ದೊಡ್ಡಹುಣಸೆ ಮಠದಲ್ಲಿ ಇದೇ ಜಾತಿಯ ಮೂರು ಮಹಾವೃಕ್ಷಗಳಿದ್ದು, ಮಠಕ್ಕೆ ಹೆಸರೇ ಅವುಗಳಿಂದ ಬಂತು. ಅವುಗಳಲ್ಲಿ ಒಂದು 2023ರಲ್ಲಿ ಉರುಳಿದಾಗ ಮತ್ತೆ ಎತ್ತಿ ನೆಟ್ಟರು. ರಾಣೀಬಾಗಿನವು ಅವುಗಳ ಮುಂದೆ ಮರಿಗಳು. ಆದರೂ ಅಪ್ಪಿಕೊಳ್ಳಲು ನಾಲ್ಕಾರು ಜನ ಬೇಕು.

ನಾಗಲಿಂಗದ ಮರವನ್ನು ಕಂಡರೆ ನಮ್ಮವರು ಕೈ ಮುಗಿಯುತ್ತಾರೆ. ಹೂವಿನ ನಡುವೆ ಲಿಂಗ, ಮೇಲೆ ಹೆಡೆ, ಸುತ್ತ ಗಣಗಳು. ಇಷ್ಟೆಲ್ಲ ಇರುವಾಗ ಅದು ಕೈಲಾಸದಿಂದಲೇ ಬಂದಿರಬೇಕೆಂದು ನಂಬುವುದು ಸಹಜ. ನಿಜದಲ್ಲಿ ಅದು ದಕ್ಷಿಣ ಅಮೆರಿಕದ ಕಾಡಿನ ಮರ. ಫಿರಂಗಿಯ ಗುಂಡಿನಂತಹ ಕಾಯಿ ಕಾಂಡಕ್ಕೇ ಅಂಟಿಕೊಂಡು ಬಿಡುತ್ತದೆ. ಬಿದ್ದು ಒಡೆದರೆ ಅದರ ನಾತ ದೇವರಿಗೇ ಪ್ರೀತಿ. ಬರ್ಮಾದಿಂದ ಬಂದ ಉರ್ವಶಿಯೆಂಬ ಇನ್ನೊಂದು ಮರವುಂಟು. ಕೆಂಪು ಹೂಗೊಂಚಲುಗಳು ತೂಗುದೀಪದ ಹಾಗೆ ಇಳಿಬೀಳುತ್ತವೆ. ಇಂಗ್ಲಿಷರು ಅದಕ್ಕೆ ಒಬ್ಬ ಗವರ್ನರ್ ಜನರಲರ ಹೆಂಡತಿಯ ಹೆಸರಿಟ್ಟರು. ನಮ್ಮ ಜನ ಅಪ್ಸರೆಯ ಹೆಸರಿಟ್ಟರು; ಈ ವಿಷಯದಲ್ಲಿ ನಮ್ಮವರ ರುಚಿಯೇ ಮೇಲೆಂದು ನನ್ನ ಅಭಿಪ್ರಾಯ. ಇವುಗಳ ನಡುವೆ ನಮ್ಮ ಘಟ್ಟದ ಸೀತಾ ಅಶೋಕವೂ ಇದೆ, ಪರದೇಶದ ನೆಂಟರ ನಡುವೆ ನಿಂತ ಮನೆಯ ಮಗಳಂತೆ.

ಮರಗಳಂತೆ ಕಲ್ಲುಗಳೂ ಅಲ್ಲಿಗೆ ಬೇರೆ ಕಡೆಯಿಂದ ಬಂದವೇ. ತೋಟದ ಮಗ್ಗುಲಲ್ಲಿರುವ ವಸ್ತುಸಂಗ್ರಹಾಲಯದ ಅಂಗಳದಲ್ಲಿ ಕಪ್ಪು ಕಲ್ಲಿನ ಒಂದು ದೊಡ್ಡ ಆನೆ ನಿಂತಿದೆ. ಮಕ್ಕಳು ಅದರ ಮುಂದೆ ನಿಂತು ಚಿತ್ರ ತೆಗೆಸಿಕೊಳ್ಳುತ್ತಾರೆ, ಆದರೆ ಅದು ಯಾವ ಆನೆಯೆಂದು ತಿಳಿದವರು ಕಡಿಮೆ. ಬಂದರಿನಾಚೆಯ ಘಾರಾಪುರಿ ದ್ವೀಪದ ದಕ್ಷಿಣದ ದಡದ ಬಳಿ ಇದ್ದ ಆನೆ ಇದು. ಪೋರ್ಚುಗೀಸರು ದ್ವೀಪಕ್ಕೆ ಇಳಿದಾಗ ಮೊದಲು ಕಂಡದ್ದು ಇದನ್ನೇ. ಅದಕ್ಕಾಗಿಯೇ ಆ ದ್ವೀಪಕ್ಕೆ ಎಲಿಫೆಂಟಾ ಎಂದರು. 1864ರಲ್ಲಿ ಇದನ್ನು ಇಂಗ್ಲೆಂಡಿಗೆ ಸಾಗಿಸುವ ಯೋಚನೆಯಾಗಿ ಎತ್ತಲು ಹೋದಾಗ ಯಂತ್ರ ಮುರಿದು ಆನೆ ಬಿದ್ದು ಚೂರಾಯಿತು. ಚೂರುಗಳನ್ನು ಈ ತೋಟಕ್ಕೆ ತಂದು ಹಾಕಿದರು. ಸುಮಾರು ಐವತ್ತು ವರ್ಷಗಳ ನಂತರ, 1914ರಲ್ಲಿ, ಕ್ಯಾಡೆಲ್ ಮತ್ತು ಹೆವೆಟ್ ಎಂಬಿಬ್ಬರು ಅವನ್ನು ಕೂಡಿಸಿ ಮತ್ತೆ ಆನೆ ಮಾಡಿದರು. ಹತ್ತಿರ ಹೋಗಿ ನೋಡಿದರೆ ಬೆಸುಗೆಯ ಗೆರೆಗಳು ಕಾಣುತ್ತವೆ. ಒಡೆಯದಿದ್ದರೆ ಅದು ನಮಗೆ ಉಳಿಯುತ್ತಿರಲಿಲ್ಲ.

ಕನ್ನಡಿಗರಿಗೆ ಈ ಆನೆಯ ಮುಂದೆ ಇನ್ನೊಂದು ನೆನಪು ಬರಬಹುದು. ಬಾದಾಮಿಯ ಇಮ್ಮಡಿ ಪುಲಿಕೇಶಿ ಪಶ್ಚಿಮ ಸಮುದ್ರದ ದಡದ ಪುರಿ ಎಂಬ ಪಟ್ಟಣವನ್ನು ನೂರಾರು ಹಡಗುಗಳಿಂದ ಮುತ್ತಿದನೆಂದು 634ರ ಐಹೊಳೆಯ ಶಾಸನದಲ್ಲಿ ರವಿಕೀರ್ತಿ ಬರೆದಿದ್ದಾನೆ. ಆ ಹಡಗುಗಳನ್ನು ಅವನು ಮದ್ದಾನೆಗಳಿಗೆ ಹೋಲಿಸಿದ್ದಾನೆ. ಆ ಪುರಿಯೇ ಈ ಘಾರಾಪುರಿ ಎಂಬುದು ಕೆಲವು ವಿದ್ವಾಂಸರ ಮತ. ಎಲ್ಲರೂ ಒಪ್ಪಿಲ್ಲ, ಆದ್ದರಿಂದ ನಾವೂ ಜಂಬ ಕೊಚ್ಚುವುದು ಬೇಡ. ಆದರೆ ಹೊಟ್ಟೆಪಾಡಿಗಾಗಿ ಈ ಕಡಲತೀರಕ್ಕೆ ಬಂದ ಕನ್ನಡಿಗರು ನಾವೇ ಮೊದಲಿಗರಲ್ಲ ಎಂಬಷ್ಟನ್ನು ನೆನೆಯಬಹುದು. ಅವರು ಬಂದ ಉದ್ದೇಶ ಮಾತ್ರ ಸ್ವಲ್ಪ ಬೇರೆ.

ವಸ್ತುಸಂಗ್ರಹಾಲಯವೂ ಹೀಗೆಯೇ ಬೀದಿಗೆ ಬಿದ್ದು ಇಲ್ಲಿ ಆಶ್ರಯ ಪಡೆದದ್ದು. ಮೊದಲು ಅದು ಕೋಟೆಯೊಳಗಿನ ಸೈನ್ಯದ ಒಂದು ಕಟ್ಟಡದಲ್ಲಿತ್ತು. 1857ರ ದಂಗೆಯ ಕಾಲದಲ್ಲಿ ಸೈನ್ಯಕ್ಕೆ ಜಾಗ ಬೇಕಾಗಿ ವಸ್ತುಗಳನ್ನೆಲ್ಲ ಹೊರಕ್ಕೆ ಎಸೆದರು. ಉಳಿದದ್ದನ್ನು ಆಯ್ದು ಕೂಡಿಸಿದವರು ಡಾಕ್ಟರ್ ಜಾರ್ಜ್ ಬರ್ಡ್‌ವುಡ್. ಅವರೊಡನೆ ದುಡಿದವರಲ್ಲಿ ಜಗನ್ನಾಥ ಶಂಕರಶೇಟ್ ಮತ್ತು ಡಾಕ್ಟರ್ ಭಾವು ದಾಜಿ ಲಾಡ್ ಪ್ರಮುಖರು. 1862ರಲ್ಲಿ ಅಡಿಗಲ್ಲು ಬಿತ್ತು. ಹತ್ತಿಯ ಹಣ ಕರಗಿದ್ದರಿಂದ ಕಟ್ಟಡ ಮುಗಿದು ಬಾಗಿಲು ತೆರೆಯಲು 1872 ಬಂತು. ಗ್ರಾಂಟ್ ವೈದ್ಯಕೀಯ ಕಾಲೇಜಿನಿಂದ ಹೊರಬಿದ್ದ ಮೊದಲ ತಂಡದ ವೈದ್ಯರಾದ ಭಾವು ದಾಜಿ ಬಡವರಿಗೆ ಔಷಧ ಕೊಡುತ್ತ, ಬಿಡುವಿನಲ್ಲಿ ಶಾಸನಗಳನ್ನು ಓದುತ್ತ ಬಾಳಿದವರು. 1975ರಲ್ಲಿ ಸಂಗ್ರಹಾಲಯಕ್ಕೆ ಅವರ ಹೆಸರಿಟ್ಟದ್ದು ನ್ಯಾಯವಾಯಿತು. ಒಳಗೆ ಹಳೆಯ ಮುಂಬಯಿಯ ಕಸಬುದಾರರ ಮಣ್ಣಿನ ಗೊಂಬೆಗಳಿವೆ, ನಕಾಶೆಗಳಿವೆ. ಗೊಂಬೆಗಳ ಮುಂದೆ ಅರ್ಧ ಗಂಟೆ ನಿಂತರೆ ನೂರು ವರ್ಷದ ಹಿಂದಿನ ಬೀದಿಯಲ್ಲಿ ನಡೆದಂತಾಗುತ್ತದೆ.

1965ರಲ್ಲಿ ಇನ್ನೊಂದು ತಂಡ ಬಂತು. ನಗರದ ಚೌಕಗಳಲ್ಲಿದ್ದ ಬ್ರಿಟಿಷರ ಪ್ರತಿಮೆಗಳನ್ನು ತೆಗೆಯಬೇಕೆಂದು ಗಟ್ಟಿಯಾಗಿ ಕೂಗೆದ್ದ ಕಾಲ ಅದು. ರಾಜಕುಮಾರ ಎಡ್ವರ್ಡ್ ಕುಳಿತ ಕಂಚಿನ ಕರಿಕುದುರೆ, ಆಲ್ಬರ್ಟ್ ಸಸೂನ್ ಎಂಬ ಯಹೂದಿ ವರ್ತಕರು ಕೊಟ್ಟದ್ದು, 1879ರಿಂದ ಕೋಟೆಯ ಬಳಿ ನಿಂತಿತ್ತು. ಅದನ್ನು ಕಿತ್ತು ಇಲ್ಲಿಗೆ ತಂದರು. ನಾವು ಹುಡುಗರು ಅದನ್ನು ನೋಡಲೆಂದೇ ಹೋದೆವು; ಅಷ್ಟು ಎತ್ತರದ ಪೀಠದ ಮೇಲಿದ್ದ ಕುದುರೆ ನೆಲಕ್ಕಿಳಿದು ನಮ್ಮ ಕೈಗೆ ಸಿಗುವಂತಾಗಿತ್ತು. ತಮಾಷೆಯೆಂದರೆ ಕುದುರೆ ಹೋದರೂ ಆ ಜಾಗದ ಹೆಸರು ಕಾಲಾಘೋಡಾ ಎಂದೇ ಉಳಿಯಿತು. 2017ರಲ್ಲಿ ಅಲ್ಲಿ ಸವಾರನಿಲ್ಲದ ಹೊಸ ಕುದುರೆಯನ್ನು ನಿಲ್ಲಿಸಿದರು. ರಾಣಿ ವಿಕ್ಟೋರಿಯಾಳ ಅಮೃತಶಿಲೆಯ ಮೂರ್ತಿಯೂ ಇಲ್ಲಿಗೇ ಬಂತು. 1896ರಲ್ಲಿ ದಾಮೋದರ ಚಾಪೇಕರರು ರಾತ್ರಿಯಲ್ಲಿ ಡಾಂಬರು ಬಳಿದು ಚಪ್ಪಲಿಯ ಹಾರ ಹಾಕಿದ್ದು ಇದೇ ಮೂರ್ತಿಗೆ. ರಾಣಿಯ ಹೆಸರು ತೋಟದಿಂದ ಹೋಗುವ ಹೊತ್ತಿಗೆ ರಾಣಿಯೇ ತೋಟಕ್ಕೆ ಬಂದು ಕುಳಿತಳು ಎನ್ನಬೇಕು.

ಇಂಥ ತೋಟಕ್ಕೆ ಈಚೆಗೆ ಒಂದು ಕಂಟಕ ಬಂದು ತಪ್ಪಿತು. 1982ರ ಮುಷ್ಕರದ ನಂತರ ಗಿರಣಿಗಳು ಒಂದೊಂದಾಗಿ ಮುಚ್ಚಿ, ಆ ನೆಲದಲ್ಲಿ ಗಗನಚುಂಬಿ ಮನೆಗಳೂ ಮಾಲುಗಳೂ ಎದ್ದವು. ಅಲ್ಲಿ ನೆಲದ ಬೆಲೆ ಏರಿದ ಮೇಲೆ ಐವತ್ತು ಎಕರೆ ಮರದ ನೆರಳನ್ನು ಹಾಗೆಯೇ ಬಿಡಲು ಕೆಲವರ ಮನಸ್ಸು ಒಪ್ಪಲಿಲ್ಲವೆಂದು ಕಾಣುತ್ತದೆ. 2007ರಲ್ಲಿ ಪೌರಸಭೆ ನಾನೂರು ಕೋಟಿ ರೂಪಾಯಿಗೂ ಮೀರಿದ ಯೋಜನೆಯೊಂದನ್ನು ಮುಂದಿಟ್ಟಿತು. ಥಾಯ್ಲೆಂಡಿನ ಒಂದು ಕಂಪನಿ ನಕ್ಷೆ ಮಾಡಿತ್ತು. ಅಂತರರಾಷ್ಟ್ರೀಯ ಮಟ್ಟದ ಪ್ರಾಣಿಸಂಗ್ರಹಾಲಯ ಬರುವುದೆಂದು ಪ್ರಚಾರ. ಆದರೆ ಸಸ್ಯತೋಟದ ಗತಿ ಏನೆಂದು ಕೇಳಿದವರು ಕೆಲವರೇ, ಅವರಲ್ಲೂ ಮುಂದಾಳುಗಳು ಹೆಂಗಸರು. ಅವರು ಮಾಡಿದ ಮೊದಲ ಕೆಲಸ ಬೀದಿಯಲ್ಲಿ ಕೂಗುವುದಲ್ಲ, ಮರಗಳನ್ನು ಎಣಿಸಿ ಹೆಸರು ಬರೆಯುವುದು. ಮೇಲೆ ಹೇಳಿದ 3,213ರ ಲೆಕ್ಕ ಆ ಹೋರಾಟದಲ್ಲಿ ಮತ್ತೆ ಮತ್ತೆ ಕೇಳಿಬಂತು. ನಾಲ್ಕು ವರ್ಷದ ಓಡಾಟದ ಮೇಲೆ, 2011ರಲ್ಲಿ, ನಗರದ ಪಾರಂಪರಿಕ ವಸ್ತುಗಳ ರಕ್ಷಣಾ ಸಮಿತಿ ಯೋಜನೆಯನ್ನು ತಳ್ಳಿಹಾಕಿತು. ಗುಮಾಸ್ತರಾದವರು ಇದನ್ನು ಗಮನಿಸಬೇಕು. ಒಂದು ಸರಿಯಾದ ಪಟ್ಟಿ ಎಂಥ ಕೆಲಸ ಮಾಡಬಲ್ಲದು!

ನಂತರ ಕಡಿಮೆ ಖರ್ಚಿನ ಬೇರೆ ಯೋಜನೆ ಬಂತು. 2016ರ ಜುಲೈಯಲ್ಲಿ ದಕ್ಷಿಣ ಕೊರಿಯದಿಂದ ಎಂಟು ಪೆಂಗ್ವಿನ್ ಹಕ್ಕಿಗಳು ಬಂದವು. ಒಂದು ಕೆಲವು ತಿಂಗಳಲ್ಲೇ ಸತ್ತಿತು. ಉಳಿದವನ್ನು 2017ರ ಮಾರ್ಚಿನಿಂದ ಜನರಿಗೆ ತೋರಿಸಿದರು. ಪ್ರಾಣಿಗಳಿಗೆ ಹಿಂದಿನ ಕಬ್ಬಿಣದ ಪಂಜರಗಳಿಗಿಂತ ಈಗಿನ ವಿಶಾಲವಾದ ಜಾಗ ಒಳ್ಳೆಯದೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ; ನನ್ನ ತಂಗಿಯ ಮಾತು ಅಷ್ಟರ ಮಟ್ಟಿಗೆ ಈಡೇರಿತು. ಆದರೆ ಅದೇ ವರ್ಷ ಆಗಸ್ಟಿನಿಂದ ಪ್ರವೇಶದ ದರ ದೊಡ್ಡವರಿಗೆ ಐದು ರೂಪಾಯಿಯಿಂದ ಐವತ್ತಕ್ಕೆ ಏರಿತು. ತಂದೆ ತಾಯಿ ಮತ್ತು ಇಬ್ಬರು ಮಕ್ಕಳ ಕುಟುಂಬಕ್ಕೆ ಒಟ್ಟು ನೂರು. ಈ ದರದಲ್ಲಿ ಹೆಂಡತಿ, ಇಬ್ಬರು ಮಕ್ಕಳು ಮತ್ತು ಊರಿನಿಂದ ಬಂದ ತಮ್ಮನನ್ನು ಕರೆದುಕೊಂಡು ಹೋದರೆ ಬಾಗಿಲಲ್ಲೇ ನೂರೈವತ್ತು. ವರ್ಷಕ್ಕೊಮ್ಮೆ ಪೆಂಗ್ವಿನ್ ನೋಡುವವನಿಗೆ ಇದು ದೊಡ್ಡದಲ್ಲ. ಆದರೆ ಪ್ರತಿ ಭಾನುವಾರ ಮರದ ಕೆಳಗೆ ಕೂರಬೇಕಾದವನಿಗೆ ಇದು ಪಗಾರಿಗೆ ತಾಕುವ ಮಾತು. ಪೆಂಗ್ವಿನ್ನಿಗೆ ಬೇಕಾದರೆ ಬೇರೆ ದರವಿಡಲಿ, ನೆರಳಿಗೆ ಐದೇ ರೂಪಾಯಿ ಇರಲಿ ಎಂದು ನನ್ನಂಥವರು ಹೇಳಿದರೆ ಕೇಳುವವರಾರು? ಆದರೂ ಹೇಳುವುದನ್ನು ಬಿಡಬಾರದು. ಪೌರಸಭೆಗೆ ಕಾಗದ ಬರೆಯಲು ಅಂಚೆಯ ಖರ್ಚಷ್ಟೇ. ಬರೆಯಲು ಬಾರದವರಿಗೆ ಈ ವಾಚನಾಲಯದಲ್ಲಿ ಬರೆದುಕೊಡುವವರಿದ್ದಾರೆ.

ಹೋಗಬೇಕೆನ್ನುವವರಿಗೆ: ಮಧ್ಯ ರೈಲ್ವೆಯ ಬೈಕಲಾ ನಿಲ್ದಾಣದಲ್ಲಿಳಿದು ಪೂರ್ವದ ಕಡೆ ಹೊರಬಿದ್ದರೆ ಡಾಕ್ಟರ್ ಅಂಬೇಡ್ಕರ್ ರಸ್ತೆ, ಅದರಲ್ಲಿ ಉತ್ತರಕ್ಕೆ ಸ್ವಲ್ಪ ನಡೆದರೆ ತೋಟ. ಬುಧವಾರ ವಾರದ ರಜೆ, ಬಾಗಿಲು ಮುಚ್ಚಿರುತ್ತದೆ. ಬುಧವಾರವೇ ರಜೆ ಇರುವ ಹೊಟೇಲಿನವರು ಯಜಮಾನರಲ್ಲಿ ಕೇಳಿ ದಿನ ಬದಲಾಯಿಸಿಕೊಳ್ಳುವುದು ಲೇಸು. ಬೆಳಗ್ಗೆ ಬೇಗ ಹೋಗಿರಿ. ಮೊದಲು ಕಲ್ಲಿನ ಆನೆಯ ಬೆಸುಗೆಗಳನ್ನು ನೋಡಿ, ಆಮೇಲೆ ಗೋರಖಚಿಂಚಿನ ಬುಡವನ್ನು ಮಕ್ಕಳಿಂದ ಅಪ್ಪಿಸಿ ಅಳತೆ ಹಾಕಿಸಿ. ಅಷ್ಟರಲ್ಲಿ ನಾಗಲಿಂಗದ ಹೂ ಬಿದ್ದಿರುತ್ತದೆ. ಮೇಲೆ ಕಾಯಿಯಿದೆಯೇ ಎಂದು ತಲೆಯೆತ್ತಿ ನೋಡಿಕೊಂಡು ಆಯ್ದುಕೊಳ್ಳಿರಿ.